ಕೆರೆಯ ಗೋಡು, ಅಳಿವೆಯ ಕೆಸರು: ತಳದಲ್ಲಿ ಕೂತ ವಿಷದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಸುತ್ತಲಿನ ಕೆರೆ ಸಮಿತಿಯವರು, ಮೀನು ಗುತ್ತಿಗೆ ಹಿಡಿದವರು, ಹೊಲಕ್ಕೆ ಗೋಡು (ಕೆರೆಯ ಹೂಳುಮಣ್ಣು) ಹೊಡೆಸುವ ರೈತರು, ಪ್ರಾಜೆಕ್ಟಿಗೆ ಕೆಸರಿನ ಸ್ಯಾಂಪಲ್ ಎತ್ತಲು ಹೊರಟ ವಿದ್ಯಾರ್ಥಿಗಳು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಕಡಲು ಇಲ್ಲಿಂದ ದೂರವೇ. ಆದರೆ ಕೆಸರಿನ ವಿಷ ಜಲಚರಗಳಿಗೆ ಏನು ಮಾಡುತ್ತದೆ ಎಂಬ ತಿಳಿವಳಿಕೆಯ ದೊಡ್ಡ ಪಾಲು ಬಂದಿರುವುದು ಹೊಳೆ ಕಡಲು ಸೇರುವ ಅಳಿವೆಗಳಿಂದ ಮತ್ತು ಬಂದರುಗಳಿಂದ. ಹಾಗಾಗಿ ಕೆರೆ, ಹೊಳೆ, ಅಳಿವೆ ಮೂರನ್ನೂ ಒಟ್ಟಿಗೇ ಇಟ್ಟುಕೊಂಡು ಉತ್ತರಿಸಿದ್ದೇವೆ.

ನೀರು ಪರೀಕ್ಷೆ ಮಾಡಿಸಿದ್ದೇವೆ, ಚೆನ್ನಾಗಿದೆ ಅಂತ ವರದಿ ಬಂದಿದೆ. ಕೆಸರನ್ನೂ ಮಾಡಿಸಬೇಕಾ?

ಮಾಡಿಸಬೇಕು. ಸೀಸ, ಕ್ರೋಮಿಯಂ, ಪಾದರಸ, ಎಣ್ಣೆಯ ಅಂಶ, ಹಳೆಯ ಕೀಟನಾಶಕಗಳು ನೀರಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಜೇಡಿ ಕಣಕ್ಕೋ ಕೊಳೆತ ಎಲೆಯ ಪುಡಿಗೋ ಅಂಟಿಕೊಂಡು ತಳ ಸೇರುತ್ತವೆ. ನೀರಿನಲ್ಲಿ ಲೀಟರಿಗೆ ಒಂದು ಮೈಕ್ರೋಗ್ರಾಂ ಸೀಸ ಇರುವ ಕಡೆ, ಅದೇ ತಳದ ಒಂದು ಕೆ.ಜಿ. ಒಣ ಕೆಸರಿನಲ್ಲಿ ಅದರ ಹತ್ತಾರು ಸಾವಿರ ಪಟ್ಟು ಇರುವುದು ಸಾಮಾನ್ಯ. ನೀರಿನ ವರದಿ ಆ ದಿನದ ಮಾತು ಹೇಳುತ್ತದೆ. ಮೊನ್ನೆ ಮಳೆ ಬಂದಿದ್ದರೆ ಅದೂ ಸುಳ್ಳಾಗುತ್ತದೆ. ಕೆಸರು ಹತ್ತಾರು ವರ್ಷಗಳ ಲೆಕ್ಕ ಇಟ್ಟುಕೊಂಡಿರುತ್ತದೆ.

ಆದರೆ ಒಂದು ಮಾತು ಮೊದಲೇ ಹೇಳಿಬಿಡಬೇಕು, ಮುಂದಿನ ಎಲ್ಲ ಉತ್ತರಗಳಿಗೂ ಅದೇ ಆಧಾರ. ಕೆಸರಿನಲ್ಲಿ ಎಷ್ಟು ವಿಷ ಇದೆ ಅನ್ನುವುದಕ್ಕಿಂತ ಅದು ಕೆಸರಿನ ಕಣಕ್ಕೆ ಕಟ್ಟಿಕೊಂಡು ಕೂತಿದೆಯೋ, ನೀರಿಗೆ ಬಿಡುಗಡೆ ಆಗಿದೆಯೋ ಅನ್ನುವುದು ಮುಖ್ಯ. ಕಟ್ಟಿಕೊಂಡು ಕೂತದ್ದು ಬಹುಮಟ್ಟಿಗೆ ನಿರುಪದ್ರವಿ. ಕಲಕಿದಾಗ, ಒಣಗಿದಾಗ, ಉಪ್ಪುನೀರು ಸೇರಿದಾಗ ಅದು ಬಿಚ್ಚಿಕೊಳ್ಳುತ್ತದೆ. ಜೀವಿಗಳಿಗೆ ಪೆಟ್ಟು ಬೀಳುವುದು ಹೆಚ್ಚಾಗಿ ಆವಾಗ.

ನಮ್ಮ ಕಡೆ ಇವೆಲ್ಲ ಎಲ್ಲಿಂದ ಬರುತ್ತವೆ?

ಕ್ರೋಮಿಯಂ, ನಿಕ್ಕಲ್, ಸತು ಪ್ಲೇಟಿಂಗ್ ಕೆಲಸದಿಂದ. ಸೀಸ ಹಳೆ ಬ್ಯಾಟರಿ ಒಡೆಯುವ ಜಾಗಗಳಿಂದ, ಬಣ್ಣಗಳಿಂದ. ರಸ್ತೆಯ ಮಳೆನೀರಿನಲ್ಲಿ ಟೈರಿನ ಸತು, ಬ್ರೇಕಿನ ತಾಮ್ರ, ಸುಟ್ಟ ಎಣ್ಣೆ. ಕ್ಯಾಡ್ಮಿಯಂ ಸ್ವಲ್ಪ ಮಟ್ಟಿಗೆ ರಂಜಕದ ಗೊಬ್ಬರದ ಜೊತೆಗೇ ಬರುತ್ತದೆ. ಚರಂಡಿ ನೀರು ಲೋಹಕ್ಕಿಂತ ಹೆಚ್ಚಾಗಿ ಸಾರಜನಕ, ರಂಜಕ, ಕೊಳೆಯುವ ಪದಾರ್ಥವನ್ನು ತರುತ್ತದೆ. ಸಕ್ಕರೆ ಕಾರ್ಖಾನೆ, ಡಿಸ್ಟಿಲರಿ, ಆಲೆಮನೆಗಳ ಕೊಳಕು ನೀರಿನ ಸಮಸ್ಯೆಯೂ ಲೋಹದ್ದಲ್ಲ, ಆಮ್ಲಜನಕದ್ದು. ಅದು ಹಳ್ಳಕ್ಕೆ ಬಿದ್ದರೆ ತಳ ದಿನಗಳಲ್ಲೇ ಕಪ್ಪಾಗುತ್ತದೆ.

ಕೆಸರು ಕರ್ರಗಿದೆ, ಕೊಳೆತ ಮೊಟ್ಟೆ ವಾಸನೆ ಬರುತ್ತದೆ. ಅಂದರೆ ವಿಷ ತುಂಬಿದೆ ಅಂತಲೇ?

ಹಾಗೆ ಹೇಳಲಾಗದು. ಕಪ್ಪು ಬಣ್ಣ ಕಬ್ಬಿಣದ ಸಲ್ಫೈಡಿನದು, ವಾಸನೆ ಹೈಡ್ರೋಜನ್ ಸಲ್ಫೈಡಿನದು. ತಳದಲ್ಲಿ ಆಮ್ಲಜನಕ ಮುಗಿದಿದೆ ಎಂಬುದಕ್ಕೆ ಎರಡೂ ಗುರುತು. ಈ ಅನಿಲ ತಾನೇ ಮೀನಿಗೆ ವಿಷ, ಅದರಲ್ಲಿ ಅನುಮಾನ ಬೇಡ. ಆದರೆ ಅದೇ ಸಲ್ಫೈಡು ಕ್ಯಾಡ್ಮಿಯಂ, ತಾಮ್ರ, ಸೀಸ, ನಿಕ್ಕಲ್, ಸತುಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆಮ್ಲಕ್ಕೆ ಬಿಡುಗಡೆಯಾಗುವ ಸಲ್ಫೈಡಿನ ಪ್ರಮಾಣ ಮೋಲ್ ಲೆಕ್ಕದಲ್ಲಿ (ತೂಕವಲ್ಲ, ಕಣಗಳ ಎಣಿಕೆ) ಈ ಐದು ಲೋಹಗಳ ಮೊತ್ತಕ್ಕಿಂತ ಹೆಚ್ಚಿದ್ದರೆ, ತಳದ ಪ್ರಾಣಿಗಳಿಗೆ ಆ ಲೋಹಗಳಿಂದ ತೊಂದರೆ ಆಗುವ ಸಂಭವ ಕಡಿಮೆ. ಹಾಗಾಗಿ ವಾಸನೆಯೇ ಇಲ್ಲದ ಕಂದು ಕೆಸರಿನಲ್ಲಿ ಅಷ್ಟೇ ಲೋಹ ಇದ್ದರೆ ಅದು ಇದಕ್ಕಿಂತ ಅಪಾಯಕಾರಿಯಾಗಿರಬಹುದು. ಮೂಗನ್ನು ನಂಬಿ ಕೆರೆಯ ಬಗ್ಗೆ ತೀರ್ಪು ಕೊಡುವವರು ಇಲ್ಲೇ ಎಡವುವುದು.

ಪಾದರಸದ ಕಥೆ ಬೇರೆ. ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಾಗಳು ಆಮ್ಲಜನಕವಿಲ್ಲದ ಕೆಸರಿನಲ್ಲೇ ಅದನ್ನು ಮೀಥೈಲ್ ಪಾದರಸವಾಗಿ ಬದಲಿಸುತ್ತವೆ. ಹುಳುವಿನಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ದಾಟುತ್ತಾ ಹೋದಂತೆ ಹೆಚ್ಚುವುದು ಈ ರೂಪವೇ.

ತಳದಲ್ಲಿ ಅಷ್ಟಕ್ಕೂ ಯಾವ ಜೀವಿಗಳಿವೆ? ನಾಲ್ಕು ಹುಳ ಸತ್ತರೆ ನಷ್ಟವೇನು?

ನಮ್ಮ ಕೆರೆಗಳಲ್ಲಿ ಕಪ್ಪೆಚಿಪ್ಪು, ಬಸವನಹುಳು, ಏಡಿ, ಸೀಗಡಿ, ಏರೋಪ್ಲೇನ್ ಚಿಟ್ಟೆಯ ಮರಿಹುಳು, ಕಚ್ಚದ ಸೊಳ್ಳೆಯಂಥ ಕೈರೋನೊಮಿಡ್ ನೊಣದ ಕೆಂಪು ಮರಿಹುಳು, ದಾರದಂಥ ಟ್ಯೂಬಿಫೆಕ್ಸ್ ಹುಳು. ಅಳಿವೆಯಲ್ಲಿ ಕೂದಲುಕಾಲಿನ ಕಡಲಹುಳುಗಳು, ಕಾಳಿನಷ್ಟು ಸಣ್ಣ ಆಂಫಿಪಾಡ್ ಸೀಗಡಿಗಳು, ಮಂಗಳೂರಿನವರು ಮರುವಾಯಿ, ಉತ್ತರ ಕನ್ನಡದವರು ಬಳಚು ಎನ್ನುವ ಚಿಪ್ಪುಜೀವಿಗಳು, ಏಡಿ, ಕೆಸರಿಗೆ ಮೈ ಚಾಚಿ ಮಲಗುವ ನಂಗು ಮೀನು.

ಈ ಹುಳುಗಳು ಬಿಲ ತೋಡಿ ನೀರು ಪಂಪು ಮಾಡುತ್ತವೆ. ಹೀಗೆ ಕೆಸರಿನೊಳಗೆ ಕೆಲವು ಸೆಂಟಿಮೀಟರ್ ಆಳದವರೆಗೆ ಆಮ್ಲಜನಕ ಇಳಿಯುತ್ತದೆ, ಕೊಳೆತದ್ದು ಬೇಗ ಕರಗುತ್ತದೆ, ಸಾರಜನಕ ಅನಿಲವಾಗಿ ಹೊರಗೆ ಹೋಗುತ್ತದೆ. ಹುಳು ಸತ್ತರೆ ಈ ಗಾಳಿಯಾಟ ನಿಲ್ಲುತ್ತದೆ, ಕಪ್ಪು ಪದರ ಮೇಲಕ್ಕೆ ಬರುತ್ತದೆ, ಮೀಥೇನ್ ಗುಳ್ಳೆ ಏಳುತ್ತದೆ. ಮೀನಿನ ಮರಿಗಳಿಗೆ, ಕೆರೆ ಅಂಚಿನಲ್ಲಿ ಕೊಕ್ಕು ಊರುವ ಹಕ್ಕಿಗಳಿಗೆ ಊಟ ಇವೇ. ರಂಗನತಿಟ್ಟಿನ ಚಮಚ ಕೊಕ್ಕಿನ ಹಕ್ಕಿ ಕೆಸರುನೀರಿನಲ್ಲಿ ಕೊಕ್ಕಾಡಿಸಿ ಹುಡುಕುವುದೂ ಇಂಥವನ್ನೇ.

ಮಾಲಿನ್ಯ ಹೆಚ್ಚಾದಂತೆ ಎಲ್ಲವೂ ಒಟ್ಟಿಗೆ ಸಾಯುವುದಿಲ್ಲ. ಮೊದಲು ಕಪ್ಪೆಚಿಪ್ಪು, ಸೂಕ್ಷ್ಮ ಕೀಟಗಳ ಮರಿಗಳು ಕಾಣೆಯಾಗುತ್ತವೆ. ಕೊನೆಯವರೆಗೆ ಉಳಿಯುವುದು ಟ್ಯೂಬಿಫೆಕ್ಸು ಮತ್ತು ಕೆಂಪು ಮರಿಹುಳು. ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಅವು ಅತ್ಯಲ್ಪ ಆಮ್ಲಜನಕದಲ್ಲೂ ಬದುಕುತ್ತವೆ. ಕೆಸರು ತುಂಬ ಹುಳು ಮಿಜಿಮಿಜಿ ಅಂದರೆ ಕೆರೆ ಆರೋಗ್ಯವಾಗಿದೆ ಎಂದುಕೊಳ್ಳಬೇಡಿ. ಯಾವ ಹುಳು ಅಂತ ನೋಡಿ.

ಬೇಸಿಗೆಯಲ್ಲಿ ಮೀನು ಸತ್ತು ತೇಲುತ್ತವಲ್ಲ, ಕೆಸರಿನ ಲೋಹದಿಂದಲೇ?

ಬಹುತೇಕ ಅಲ್ಲ. ಒಂದೇ ರಾತ್ರಿಗೆ ಕೆರೆ ತುಂಬ ಮೀನು ಸತ್ತರೆ ಮೊದಲು ಅನುಮಾನಿಸಬೇಕಾದದ್ದು ಆಮ್ಲಜನಕ ಮತ್ತು ಅಮೋನಿಯಾ. ಎರಡಕ್ಕೂ ಬೇರು ಕೆಸರಿನಲ್ಲೇ ಇದೆ, ಆದರೆ ಲೋಹದಲ್ಲಿ ಅಲ್ಲ.

ಹಸಿರುಗಟ್ಟಿದ ಕೆರೆಯಲ್ಲಿ ಪಾಚಿ ಹಗಲಲ್ಲಿ ಆಮ್ಲಜನಕ ಕೊಟ್ಟು ರಾತ್ರಿ ತಾನೇ ತಿನ್ನುತ್ತದೆ. ಕೆಸರೂ ತಿನ್ನುತ್ತದೆ. ಬೆಳಗಿನ ಜಾವಕ್ಕೆ ಲೀಟರಿಗೆ 2 ಮಿ.ಗ್ರಾಂಗಿಂತ ಕೆಳಗಿಳಿದರೆ ಗೆಂಡೆ ಮೀನುಗಳು ಬಾಯಿ ಮೇಲೆತ್ತಿ ಗುಟುಕರಿಸುತ್ತವೆ. ಮೋಡದ ದಿನಗಳು, ಮೊದಲ ಜೋರು ಮಳೆ, ಗಾಳಿಗೆ ತಳ ಕಲಕಿದ್ದು, ಇವುಗಳಲ್ಲಿ ಒಂದು ಸೇರಿದರೆ ಮುಗಿಯಿತು. ಅಳತೆಯನ್ನು ಬೆಳಿಗ್ಗೆ 5ರಿಂದ 6ರ ಒಳಗೆ ತೆಗೆದುಕೊಳ್ಳಿ. ಹನ್ನೊಂದು ಗಂಟೆಗೆ ಬಂದು ಅಳೆದವರಿಗೆ 8 ಮಿ.ಗ್ರಾಂ ಸಿಗುತ್ತದೆ, ನೀರು ಚೆನ್ನಾಗಿದೆ ಎಂದು ಬರೆದು ಹೋಗುತ್ತಾರೆ.

ಅಮೋನಿಯಾದ ವಿಷ ಪಿಹೆಚ್ ಮೇಲೆ ನಿಂತಿದೆ. 25 ಡಿಗ್ರಿ ನೀರಿನಲ್ಲಿ ಪಿಹೆಚ್ 7 ಇದ್ದರೆ ಒಟ್ಟು ಅಮೋನಿಯಾದ ಶೇ. 1ಕ್ಕಿಂತ ಕಡಿಮೆ ಭಾಗ ವಿಷರೂಪದಲ್ಲಿರುತ್ತದೆ. 8ರಲ್ಲಿ ಸುಮಾರು ಶೇ. 5, 9ರಲ್ಲಿ ಸುಮಾರು ಶೇ. 36. ಪಾಚಿ ತುಂಬಿದ ಕೆರೆ ಮಧ್ಯಾಹ್ನದ ಹೊತ್ತಿಗೆ 9 ದಾಟುವುದು ಅಪರೂಪವೇನಲ್ಲ. ಅಂದರೆ ಅದೇ ಅಮೋನಿಯಾ ಬೆಳಿಗ್ಗೆ ಸುಮ್ಮನಿದ್ದು ಮಧ್ಯಾಹ್ನ ಕೊಲ್ಲಬಹುದು.

ಇನ್ನೊಂದು ಎಚ್ಚರ: ಕೊರವ, ಚೇಳುಮೀನು ಮೇಲಿನ ಗಾಳಿಯನ್ನೇ ಉಸಿರಾಡಬಲ್ಲವು. ಅವು ಬದುಕಿವೆ ಅನ್ನುವುದು ಕೆರೆ ಶುದ್ಧ ಅನ್ನುವುದಕ್ಕೆ ಸಾಕ್ಷಿಯಲ್ಲ. ಲೋಹಗಳು ಒಂದೇ ಏಟಿಗೆ ಹೀಗೆ ಕೊಲ್ಲುವುದು ಕಡಿಮೆ. ಮೊಟ್ಟೆ ಒಡೆಯದಿರುವುದು, ಮರಿಗಳ ಬೆನ್ನು ಸೊಟ್ಟಗಾಗುವುದು, ಬೆಳವಣಿಗೆ ಕುಂದುವುದು, ಹೀಗೆ ನಿಧಾನವಾಗಿ ತೋರಿಸಿಕೊಳ್ಳುತ್ತವೆ.

ಅಳಿವೆಯಲ್ಲಿ ಉಪ್ಪುನೀರು ಸೇರಿದರೆ ಏನು ಬದಲಾಗುತ್ತದೆ?

ಎರಡು ಸಂಗತಿ, ಒಂದಕ್ಕೊಂದು ಎದುರು. ಹೊಳೆ ಹೊತ್ತು ತಂದ ನುಣ್ಣನೆ ಜೇಡಿ ಕಣಗಳು ಸಿಹಿನೀರಿನಲ್ಲಿ ಒಂದನ್ನೊಂದು ದೂಡುತ್ತಾ ತೇಲುತ್ತಿರುತ್ತವೆ. ಸ್ವಲ್ಪ ಉಪ್ಪು ಸೇರಿದ ಕೂಡಲೇ, ಹಾಲಿಗೆ ನಿಂಬೆರಸ ಹಿಂಡಿದ ಹಾಗೆ, ಕಣಗಳು ಗಡ್ಡೆಕಟ್ಟಿ ಕೆಳಗಿಳಿಯುತ್ತವೆ. ಕಣಕ್ಕೆ ಅಂಟಿದ ವಿಷವೂ ಅಲ್ಲೇ ಇಳಿಯುತ್ತದೆ. ಹಾಗಾಗಿ ಮೇಲಿನ ಇಡೀ ನದಿಬಯಲಿನ ಕೊಳಕು ಸ್ವಲ್ಪವೇ ಜಾಗದಲ್ಲಿ ಕೂಡುತ್ತದೆ. ಏಡಿ, ಸೀಗಡಿ, ಅನೇಕ ಕಡಲಮೀನುಗಳ ಮರಿಗಳು ಬೆಳೆಯುವ ಜಾಗವೂ ಅದೇ ಆಗಿರುವುದು ದುರದೃಷ್ಟ.

ಎರಡನೆಯದು ಕ್ಯಾಡ್ಮಿಯಂ. ಉಪ್ಪುನೀರಿನ ಕ್ಲೋರೈಡು ಅದನ್ನು ಕಣದಿಂದ ಎಳೆದು ತನ್ನ ಜೊತೆ ಕಟ್ಟಿಕೊಂಡು ನೀರಿಗೆ ಬಿಡುತ್ತದೆ. ಸೀಸ, ಕ್ರೋಮಿಯಂ ಇಷ್ಟು ಸುಲಭವಾಗಿ ಬಿಡುವುದಿಲ್ಲ. ಮೇಲೆ ಹೇಳಿದ ಬಿಡುಗಡೆಯ ಮಾತಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗದು. ಯಾರೂ ಹೊಸದಾಗಿ ಏನೂ ಸುರಿದಿಲ್ಲ, ಕೆಸರನ್ನು ಮುಟ್ಟಿಲ್ಲ, ನೀರಿನ ರುಚಿ ಬದಲಾಯಿತು ಅಷ್ಟೆ.

ಹಾಗಾದರೆ ಮೈಸೂರು, ಮಂಡ್ಯದ ಕೊಳಕು ಕಾವೇರಿ ಕಡಲು ಸೇರುವ ತಮಿಳುನಾಡಿನ ಪೂಂಪುಹಾರ್ ಅಳಿವೆಗೆ ಹೋಗಿ ಸೇರುತ್ತದೆಯೇ?

ಕೆಸರಿನ ರೂಪದಲ್ಲಿ ಹೋಗುವುದು ಕಡಿಮೆ. ಶ್ರೀರಂಗಪಟ್ಟಣ ದಾಟಿ, ತಿ.ನರಸೀಪುರದಲ್ಲಿ ಕಪಿಲೆಯನ್ನು ಕೂಡಿಕೊಂಡು, ಶಿವನಸಮುದ್ರ ಇಳಿದು ಹೋಗುವ ಕಾವೇರಿಗೆ ಮುಂದೆ 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟು ಅಡ್ಡ ಸಿಗುತ್ತದೆ. ಹೂಳಿನ ದೊಡ್ಡ ಪಾಲು ಅಲ್ಲಿ ಕೂರುತ್ತದೆ. ಅದರ ಕೆಳಗೂ ಒಡ್ಡುಗಳಿವೆ, ಕಾಲುವೆಗಳಿವೆ. ನೀರಿನಲ್ಲಿ ಕರಗಿದ್ದು ಮತ್ತು ಪ್ರವಾಹದ ಕಾಲದ ನುಣ್ಣನೆ ಜೇಡಿ ಮಾತ್ರ ಮುಂದೆ ಸಾಗಬಹುದು. ಹಾಗಾಗಿ ನಮ್ಮ ಹಳ್ಳಗಳ ವಿಷದ ಹೊರೆ ಹೊರುವವು ಮುಖ್ಯವಾಗಿ ನಮ್ಮವೇ ಕೆರೆಗಳು, ಕಟ್ಟೆಗಳು, ಹೊಳೆಯ ಮಡುಗಳು. ಕಾವೇರಿಯ ಬಿಳಿಮೀನು ಮಹಶೀರ್ ಈಗ ಅಳಿವಿನಂಚಿನಲ್ಲಿದೆ. ಅಪಾಯದಲ್ಲಿರುವ ಜೀವಿಗಳ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ 2018ರ ಪಟ್ಟಿಯಲ್ಲಿ ತೀರಾ ಗಂಭೀರ ಅಪಾಯದ ವರ್ಗಕ್ಕೆ ಸೇರಿತು. ಅದಕ್ಕೆ ಕಾರಣಗಳು ಹಲವು, ಎಲ್ಲವನ್ನೂ ಕೆಸರಿನ ತಲೆಗೆ ಕಟ್ಟಲಾಗದು.

ಅಳಿವೆಯ ಜೀವಿಗಳ ಮೇಲೆ ಪರಿಣಾಮ ಆಗಿದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇದೆಯೇ?

ಇದೆ. ಹಡಗಿನ ತಳಕ್ಕೆ ಬಳಿಯುತ್ತಿದ್ದ ಟ್ರೈಬ್ಯುಟೈಲ್ ಟಿನ್ ಎಂಬ ಬಣ್ಣದ ವಿಷ ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಹೆಣ್ಣು ಶಂಖದಹುಳುಗಳಿಗೆ ಗಂಡಿನ ಅಂಗ ಬೆಳೆಯುತ್ತಿತ್ತು. ಮೊಟ್ಟೆ ಹೊರಬರುವ ದಾರಿ ಮುಚ್ಚಿ ಸಂತತಿಯೇ ನಿಲ್ಲುತ್ತಿತ್ತು. ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ ಸಿಂಪಿಗಳ ಚಿಪ್ಪು ದಪ್ಪಗಟ್ಟಿ ಬೆಳೆ ನೆಲಕಚ್ಚಿದ ಮೇಲೆ ಆ ದೇಶ 1982ರಲ್ಲಿ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು. ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಿ ಆಗಿ 2008ರಲ್ಲಿ ಜಾರಿಗೆ ಬಂತು. ಬಂದರುಗಳ ಆಳದ ಕೆಸರಿನಲ್ಲಿ ಅದು ಇನ್ನೂ ಕೂತಿರುತ್ತದೆ, ಹೂಳೆತ್ತಿದಾಗ ಏಳುತ್ತದೆ.

ಅಮೆರಿಕದ ಪ್ಯೂಜೆಟ್ ಸೌಂಡ್‌ನಲ್ಲಿ ಮರಕ್ಕೆ ಬಳಿಯುವ ಕ್ರಿಯೋಸೋಟ್ ಸೇರಿದ ಕೆಸರಿನ ಮೇಲೆ ಮಲಗುತ್ತಿದ್ದ, ನಮ್ಮ ನಂಗುವಿನಂಥ ಚಪ್ಪಟೆ ಮೀನುಗಳ ಯಕೃತ್ತಿನಲ್ಲಿ ಗೆಡ್ಡೆಗಳು ಕಂಡವು. ಅಲ್ಲಿನ ಈಗಲ್ ಹಾರ್ಬರ್‌ನಲ್ಲಿ 1993-94ರಲ್ಲಿ ಕೆಸರಿನ ಮೇಲೆ ಶುದ್ಧ ಹೂಳುಮಣ್ಣಿನ ಹೊದಿಕೆ ಹಾಕಿದ ಮೇಲೆ ಆ ರೋಗ ಇಳಿಯುತ್ತಾ ಬಂತು. ಕಾರಣ ಕೆಸರೇ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಜಪಾನಿನ ಮಿನಮಾಟ ಎಲ್ಲರಿಗೂ ಗೊತ್ತು. ಕಾರ್ಖಾನೆಯ ಪಾದರಸ ಸೇರಿದ ಕೊಲ್ಲಿಯ ಮೀನು ತಿಂದವರಿಗೆ ನರಗಳ ರೋಗ ಬಂತು. ರೋಗ ಅಧಿಕೃತವಾಗಿ ಗುರುತಾದದ್ದು 1956ರಲ್ಲಿ. ಕೊಲ್ಲಿಯ ತಳದಲ್ಲಿ ಪಾದರಸ 25 ಪಿಪಿಎಂ (ಕೆ.ಜಿ.ಗೆ 25 ಮಿ.ಗ್ರಾಂ) ಮೀರಿದ ಕೆಸರನ್ನು ಎತ್ತಿ, ಹೂತು, ಮುಚ್ಚುವ ಕೆಲಸ 1977ರಿಂದ 1990ರವರೆಗೆ ಹಿಡಿಯಿತು.

ಸ್ಯಾಂಪಲ್ ತೆಗೆಯುವುದು ಹೇಗೆ?

ಬಹಳಷ್ಟು ವರದಿಗಳು ಕೆಡುವುದು ಪ್ರಯೋಗಾಲಯದಲ್ಲಲ್ಲ, ಕೆರೆ ದಂಡೆಯಲ್ಲಿ. ದಂಡೆಯ ಮರಳುಮಣ್ಣನ್ನು ಗುದ್ದಲಿಯಲ್ಲಿ ಬಾಚಿ ಕ್ಯಾರಿಬ್ಯಾಗಿಗೆ ತುಂಬಿ ಕೊಟ್ಟರೆ ಬರುವ ಸಂಖ್ಯೆಗೆ ಅರ್ಥವಿಲ್ಲ. ಲೋಹ ಇರುವುದು 63 ಮೈಕ್ರಾನ್‌ಗಿಂತ ನುಣ್ಣನೆಯ ಭಾಗದಲ್ಲಿ. ಮರಳು ಹೆಚ್ಚಿದ್ದಷ್ಟೂ ಸಂಖ್ಯೆ ಸುಳ್ಳೇ ಕಡಿಮೆಯಾಗಿ ಬರುತ್ತದೆ.

ಜಾಗ: ರಾಜಕಾಲುವೆ ಅಥವಾ ಹಳ್ಳ ಬಂದು ಸೇರುವಲ್ಲಿ ಒಂದು, ಕೆರೆಯ ನಡುವೆ ಎರಡು, ಏರಿಯ ಹತ್ತಿರ ತೂಬಿನ ಮುಂದೆ ಒಂದು, ಊರಿನ ಕೊಳಕು ಬೀಳದ ಮೇಲಿನ ಕಟ್ಟೆಯಿಂದ ಹೋಲಿಕೆಗೆ ಒಂದು. ಪ್ರತಿ ಜಾಗದಲ್ಲೂ ಒಂದೆರಡು ಮೀಟರ್ ಅಂತರದಲ್ಲಿ ಮೂರು ಬಾರಿ ಎತ್ತಿ ಬೆರೆಸಿ. ಮುಂಗಾರಿಗೆ ಮೊದಲು ಒಮ್ಮೆ, ನವೆಂಬರ್ ಸುಮಾರಿಗೆ ಒಮ್ಮೆ.

ಆಳ: ಜೀವಿಗಳ ಪ್ರಶ್ನೆಯಾದರೆ ಮೇಲಿನ 5 ಸೆಂ.ಮೀ. ಸಾಕು. ಹಳೆಯ ಚರಿತ್ರೆ ಬೇಕಾದರೆ ಎರಡಿಂಚಿನ ಪಿವಿಸಿ ಪೈಪು, ಒಂದು ಮೀಟರ್ ಉದ್ದ, ಕೆಳತುದಿಯನ್ನು ಚೂಪಾಗಿ ಉಜ್ಜಿ, ನೇರವಾಗಿ ಒತ್ತಿ. ಮೇಲಿನ ಬಾಯಿಗೆ ಮುಚ್ಚಳ ಬಿಗಿದ ಮೇಲೆಯೇ ಎಳೆಯಬೇಕು, ಇಲ್ಲದಿದ್ದರೆ ಕೆಸರು ಜಾರಿಹೋಗುತ್ತದೆ. ನೀರಿನೊಳಗೇ ಕೆಳಬಾಯಿಗೂ ಕೈ ಕೊಟ್ಟು ಮುಚ್ಚಿ. ಪೈಪನ್ನು ನಿಲ್ಲಿಸಿಯೇ ತನ್ನಿ, ಅಡ್ಡ ಮಲಗಿಸಿದರೆ ಪದರಗಳು ಕಲೆಸಿಹೋಗುತ್ತವೆ.

ಪಾತ್ರೆ: ಲೋಹಕ್ಕೆ ಪ್ಲಾಸ್ಟಿಕ್ ಡಬ್ಬಿ, ಹಿಂದಿನ ರಾತ್ರಿ ಶೇ. 10 ನೈಟ್ರಿಕ್ ಆಮ್ಲದಲ್ಲಿ ನೆನೆಸಿ ಭಟ್ಟಿ ಇಳಿಸಿದ ನೀರಿನಲ್ಲಿ ತೊಳೆದದ್ದು. ಎಣ್ಣೆ, ಕೀಟನಾಶಕಕ್ಕೆ ಗಾಜಿನ ಬಾಟಲಿ. ಪ್ಲಾಸ್ಟಿಕ್ ಚಮಚ ಬಳಸಿ, ಹಿತ್ತಾಳೆ ಜರಡಿ ಬೇಡ, ತಾಮ್ರ ಸತು ಅದರಿಂದಲೇ ಬರುತ್ತವೆ. ಅರ್ಧ ಕೆ.ಜಿ. ಸಾಕು. ಸಲ್ಫೈಡ್ ಅಳೆಯುವ ಡಬ್ಬಿಯನ್ನು ಗಾಳಿಗೆ ಜಾಗವಿಲ್ಲದಂತೆ ಕಂಠಮಟ್ಟ ತುಂಬಿಸಿ ಮುಚ್ಚಿ. ಎಲ್ಲವನ್ನೂ ಐಸಿನಲ್ಲಿಟ್ಟು ಅದೇ ದಿನ ತಲುಪಿಸಿ. ಪಾದರಸ ಬೇಕಿದ್ದರೆ ಕೆಸರನ್ನು 105 ಡಿಗ್ರಿಯಲ್ಲಿ ಒಣಗಿಸಬೇಡಿ ಎಂದು ಬರೆದುಕೊಡಿ. ಪಾದರಸ ಆವಿಯಾಗಿ ಹೋಗುತ್ತದೆ, 40 ಡಿಗ್ರಿ ಮೀರಬಾರದು.

ಪ್ರಯೋಗಾಲಯದವರನ್ನು ಮೂರು ಮಾತು ಕೇಳಿ: ಯಾವ ಆಮ್ಲದಲ್ಲಿ ಕರಗಿಸುತ್ತೀರಿ, ಫಲಿತಾಂಶ ಒಣತೂಕದ್ದೋ ಹಸಿತೂಕದ್ದೋ, ಲೋಹದ ಪ್ರಮಾಣ ಮೊದಲೇ ಗೊತ್ತಿರುವ ಪ್ರಮಾಣಿತ ಮಾದರಿಯನ್ನು ಜೊತೆಗೆ ಓಡಿಸುತ್ತೀರಾ. ಉತ್ತರ ತಡವರಿಸಿದರೆ ಬೇರೆ ಕಡೆ ಹೋಗಿ.

ಕೆಸರಿಗೆ ಒಬ್ಬರೇ ಇಳಿಯಬೇಡಿ. ಸೊಂಟಕ್ಕೆ ಹಗ್ಗ, ಕೈಗೆ ಉದ್ದ ಗ್ಲೌಸು ಇರಲಿ, ಗಾಯವಿದ್ದವರು ದಂಡೆಯಲ್ಲಿ ನಿಲ್ಲಲಿ.

ವರದಿಯ ಸಂಖ್ಯೆಗಳನ್ನು ಯಾವುದಕ್ಕೆ ಹೋಲಿಸಬೇಕು?

ಕುಡಿಯುವ ನೀರಿನ ಮಿತಿಗೆ ಹೋಲಿಸಬೇಡಿ. ಎಷ್ಟೋ ವರದಿಗಳಲ್ಲಿ ಈ ತಪ್ಪು ಕಾಣುತ್ತದೆ. ಸಿಹಿನೀರಿನ ಕೆಸರಿಗೆ 2000ದಲ್ಲಿ ಪ್ರಕಟವಾದ, ಈಗಲೂ ಚಾಲ್ತಿಯಲ್ಲಿರುವ ಎರಡು ಗೆರೆಗಳಿವೆ. ಕೆಳಗಿನ ಗೆರೆಗಿಂತ ಕಡಿಮೆ ಇದ್ದರೆ ತಳದ ಜೀವಿಗಳಿಗೆ ತೊಂದರೆ ಅಪರೂಪ, ಮೇಲಿನದನ್ನು ದಾಟಿದರೆ ತೊಂದರೆ ಸಂಭವನೀಯ. ಒಣತೂಕದ ಕೆ.ಜಿ.ಗೆ ಮಿ.ಗ್ರಾಂ ಲೆಕ್ಕದಲ್ಲಿ:

ಕ್ಯಾಡ್ಮಿಯಂ 0.99 ಮತ್ತು 4.98
ಕ್ರೋಮಿಯಂ 43.4 ಮತ್ತು 111
ತಾಮ್ರ 31.6 ಮತ್ತು 149
ಸೀಸ 35.8 ಮತ್ತು 128
ಪಾದರಸ 0.18 ಮತ್ತು 1.06
ನಿಕ್ಕಲ್ 22.7 ಮತ್ತು 48.6
ಸತು 121 ಮತ್ತು 459

ಅಳಿವೆ ಮತ್ತು ಕಡಲಿಗೆ ಬೇರೆ ಪಟ್ಟಿ ಇದೆ, ಅದರಲ್ಲಿ ಕ್ಯಾಡ್ಮಿಯಂ 1.2 ಮತ್ತು 9.6, ಸೀಸ 46.7 ಮತ್ತು 218, ಪಾದರಸ 0.15 ಮತ್ತು 0.71. ಇವು ಕಾನೂನಿನ ಮಿತಿಗಳಲ್ಲ, ಉತ್ತರ ಅಮೆರಿಕದ ಮಾಹಿತಿಯಿಂದ ಕಟ್ಟಿದ ಅಂದಾಜು ಗೆರೆಗಳು.

ಇಲ್ಲಿ ನಮ್ಮ ನೆಲದ್ದೇ ಒಂದು ತೊಡಕಿದೆ. ಮೈಸೂರು ತಾಲ್ಲೂಕಿನ ಸಿಂಧುವಳ್ಳಿ ಸುತ್ತ ಕ್ರೋಮೈಟ್, ದೊಡ್ಡಕನ್ಯದ ಕಡೆ ಮ್ಯಾಗ್ನಸೈಟ್ ಸಿಗುವ ಬಂಡೆಗಳಿವೆ. ಇಂಥ ಬಂಡೆ ಸವೆದ ಮಣ್ಣಿನಲ್ಲಿ ಕ್ರೋಮಿಯಂ, ನಿಕ್ಕಲ್ ಸಹಜವಾಗಿಯೇ ಹೆಚ್ಚು. ಯಾವ ಕಾರ್ಖಾನೆಯೂ ಇಲ್ಲದ ಕಟ್ಟೆಯಲ್ಲೂ ಮೇಲಿನ ಗೆರೆ ದಾಟಬಹುದು. ಅದೂ ಬಹುಪಾಲು ಖನಿಜದೊಳಗೆ ಬಂಧಿಯಾಗಿ ಇರುವಂಥದ್ದು, ಹುಳುವಿಗೆ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಪೈಪಿನ ಸ್ಯಾಂಪಲ್‌ನ ಆಳದ ಹಳೇ ಪದರವನ್ನೂ ಪರೀಕ್ಷಿಸಿ. ಮೇಲೂ ಕೆಳಗೂ ಒಂದೇ ಇದ್ದರೆ ಅದು ನೆಲದ ಗುಣ. ಮೇಲೆ ಮಾತ್ರ ಮೂರು ಪಟ್ಟಿದ್ದರೆ ಮೇಲ್ಗಡೆ ಯಾರೋ ಬಿಡುತ್ತಿದ್ದಾರೆ. ಅಲ್ಯೂಮಿನಿಯಂ ಅನ್ನೂ ಅಳೆಸಿ, ಪ್ರತಿ ಲೋಹವನ್ನೂ ಅದಕ್ಕೆ ಭಾಗಿಸಿ ನೋಡಿದರೆ ಮರಳು ಜೇಡಿಯ ವ್ಯತ್ಯಾಸವೂ ಕಳೆಯುತ್ತದೆ.

ಲೋಹದ ಪರೀಕ್ಷೆಗೆ ದುಡ್ಡಿಲ್ಲ. ಹುಳು ಎಣಿಸಿಯೇ ಏನಾದರೂ ಹೇಳಬಹುದೇ?

ಹೇಳಬಹುದು, ಕಾಲೇಜು ಮಕ್ಕಳಿಗೆ ಇದೇ ಒಳ್ಳೆಯ ಕೆಲಸ. 15 ಸೆಂ.ಮೀ. ಚೌಕದ ಎಕ್‌ಮನ್ ಗ್ರಾಬ್‌ನಲ್ಲಿ (ಹಗ್ಗದಲ್ಲಿ ಇಳಿಸಿ ತಳದ ಕೆಸರನ್ನು ಬಾಚಿ ಎತ್ತುವ ಡಬ್ಬಿ) ಎತ್ತಿದ ಕೆಸರನ್ನು 0.5 ಮಿ.ಮೀ. ಕಣ್ಣಿನ ಜರಡಿಯಲ್ಲಿ ಕೆರೆ ನೀರಿನಲ್ಲೇ ತೊಳೆಯಿರಿ, ಉಳಿದದ್ದನ್ನು ಬಿಳಿ ತಟ್ಟೆಗೆ ಹಾಕಿ ಎಣಿಸಿ. ಸಿಕ್ಕ ಸಂಖ್ಯೆಯನ್ನು 44ರಿಂದ ಗುಣಿಸಿದರೆ ಒಂದು ಚದರ ಮೀಟರಿಗೆ ಎಷ್ಟು ಎಂದು ಬರುತ್ತದೆ. 30 ಸಿಕ್ಕರೆ ಸುಮಾರು 1,300. ಒಟ್ಟು ಸಂಖ್ಯೆಗಿಂತ ಎಷ್ಟು ಬಗೆಯವು ಎಂಬುದನ್ನು ಬರೆದಿಡಿ. ಕೆಂಪು ಮರಿಹುಳುವಿನ ತಲೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಾಯಿಯ ಹಲ್ಲುಸಾಲು ಕಾಣುತ್ತದೆ. ಹಲ್ಲು ಮುರಿದದ್ದಲ್ಲ, ಹುಟ್ಟಾ ವಿಕಾರವಾದದ್ದು ಹೋಲಿಕೆಯ ಕೆರೆಗಿಂತ ಇಲ್ಲಿ ಎದ್ದು ಕಾಣುವಷ್ಟು ಹೆಚ್ಚಿದ್ದರೆ ಲೋಹ ಅಥವಾ ಕೀಟನಾಶಕದ ಸಂಶಯ ಬಲವಾಗುತ್ತದೆ. ಆಗ ದುಡ್ಡು ಹೊಂದಿಸಿ.

ಹೂಳೆತ್ತಿಬಿಟ್ಟರೆ ಮುಗಿಯಿತಲ್ಲ?

ಇಲ್ಲಿ ನಮ್ಮ ಅಭಿಪ್ರಾಯ ಖಡಕ್ಕಾಗಿದೆ: ಒಳಬರುವ ಕೊಳಕನ್ನು ನಿಲ್ಲಿಸದೆ, ಕೆಸರನ್ನು ಅಳೆಯದೆ ಜೆಸಿಬಿ ಇಳಿಸಬೇಡಿ. ನೀರಿರುವಾಗಲೇ ಕಲಕಿದರೆ ಸಲ್ಫೈಡಿನ ಹಿಡಿತದಲ್ಲಿದ್ದ ಲೋಹ ಆಮ್ಲಜನಕಕ್ಕೆ ತೆರೆದುಕೊಂಡು ಬಿಚ್ಚಿಕೊಳ್ಳುತ್ತದೆ, ಅಮೋನಿಯಾ ಒಮ್ಮೆಲೇ ಏಳುತ್ತದೆ, ಇದ್ದ ಆಮ್ಲಜನಕವನ್ನು ಕೆಸರೇ ಕುಡಿದುಬಿಡುತ್ತದೆ. ಕೆಳಗಿನ ಕೆರೆಯ ಮೀನು ಸಾಯುವುದೂ ಇದರಿಂದಲೇ.

ಬೇಸಿಗೆಯಲ್ಲಿ ತೂಬು ತೆಗೆದು ನೀರನ್ನು ನಿಧಾನವಾಗಿ ಇಳಿಸಿ. ಕೊನೆಯ ಅರ್ಧ ಅಡಿ ಕದಡು ನೀರನ್ನು ಹೊರಬಿಡಬೇಡಿ. ಹಳ್ಳದ ಬಾಯಿಯ ಭಾಗದಲ್ಲಿ ವಿಷ ಹೆಚ್ಚಿರುವುದರಿಂದ ಆ ಮಣ್ಣನ್ನು ಬೇರೆಯಾಗಿಯೇ ರಾಶಿ ಹಾಕಿ. ಏರಿಯ ಮೇಲೆ ಸುರಿದರೆ ಮೊದಲ ಮಳೆಗೆ ಅದು ಮತ್ತೆ ಕೆರೆಗೇ. ಮೂಲ ಜೇಡಿಪದರ ಕಂಡಾಗ ನಿಲ್ಲಿಸಿ, ಅದನ್ನು ಸೀಳಿದರೆ ನೀರು ನಿಲ್ಲುವುದಿಲ್ಲ. ಮೂರನೇ ಒಂದು ಭಾಗವನ್ನಾದರೂ ಮುಟ್ಟದೆ ಬಿಡಿ. ಹುಳು, ಕಪ್ಪೆಚಿಪ್ಪು, ಜೊಂಡಿನ ಬೇರು ಮತ್ತೆ ಹಬ್ಬುವುದು ಅಲ್ಲಿಂದಲೇ.

ಎತ್ತಿದ ಮಣ್ಣು ಹುಳಿಯಾಗುತ್ತದೆಯೇ ಎಂದು ನೋಡಲು ಒಂದು ಹಿಡಿಯನ್ನು ಪ್ಲಾಸ್ಟಿಕ್ ಲೋಟದಲ್ಲಿ ತೇವವಾಗಿಟ್ಟು ಎಂಟು ವಾರ, ವಾರಕ್ಕೊಮ್ಮೆ ಪಿಹೆಚ್ ನೋಡಿ. 4ಕ್ಕಿಂತ ಕೆಳಗಿಳಿದರೆ ಲೋಹ ಕರಗಿ ಹರಿಯುತ್ತದೆ. ಕೇರಳದ ಕುಟ್ಟನಾಡಿನಂಥ ಉಪ್ಪುಜೌಗಿನ ಮಣ್ಣಿನಲ್ಲಿ ಈ ತೊಂದರೆ ದೊಡ್ಡದು. ಸುಣ್ಣಕಲ್ಲು ಬೆರೆತ ನಮ್ಮ ಎಷ್ಟೋ ಕೆರೆಮಣ್ಣಿಗೆ ಈ ಭಯ ಕಡಿಮೆ.

ಗೋಡನ್ನು ಹೊಲಕ್ಕೆ ಹೊಡೆಸಬಹುದೇ?

ಹಳ್ಳಿಯ ಕೆರೆಯದಾದರೆ ಧಾರಾಳವಾಗಿ. ಊರಿನ ಚರಂಡಿ, ಕೈಗಾರಿಕಾ ಪ್ರದೇಶದ ಕೆಳಗಿನ ಕೆರೆಯದಾದರೆ ಲೆಕ್ಕ ಹಾಕಿ. ಎಕರೆಗೆ ಮೂರು ಟನ್ನಿನ 20 ಟ್ರೇಲರ್ ಅಂದರೆ 60 ಟನ್, ಶೇ. 40 ನೀರು ಕಳೆದರೆ ಒಣಗೋಡು 36 ಟನ್. ಅದರಲ್ಲಿ ಕೆ.ಜಿ.ಗೆ 3 ಮಿ.ಗ್ರಾಂ ಕ್ಯಾಡ್ಮಿಯಂ ಇದ್ದರೆ ಹೊಲಕ್ಕೆ ಬಿದ್ದದ್ದು 108 ಗ್ರಾಂ. ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 850 ಟನ್. ಅಂದರೆ ಮಣ್ಣಿನ ಕ್ಯಾಡ್ಮಿಯಂ ಕೆ.ಜಿ.ಗೆ ಸುಮಾರು 0.13 ಮಿ.ಗ್ರಾಂ ಏರುತ್ತದೆ. ಒಮ್ಮೆಗೆ ಅಷ್ಟೇನಲ್ಲ, ಐದು ಬಾರಿ ಹೊಡೆಸಿದರೆ 0.6. ಹಾಕುವುದು ಸುಲಭ, ತೆಗೆಯುವ ದಾರಿ ಇಲ್ಲ.

ನಮ್ಮಲ್ಲಿ ಹತ್ತಿರದ ಅಳತೆಗೋಲು ನಗರ ಕಾಂಪೋಸ್ಟಿನ ಮಿತಿ: ಕೆ.ಜಿ.ಗೆ ಕ್ಯಾಡ್ಮಿಯಂ 5, ಸೀಸ 100, ನಿಕ್ಕಲ್ 50, ಕ್ರೋಮಿಯಂ 50, ಪಾದರಸ 0.15 ಮಿ.ಗ್ರಾಂ. ಮೀರಿದ ಗೋಡನ್ನು ಸೊಪ್ಪು ತರಕಾರಿಗೆ ಖಂಡಿತ ಬೇಡ, ಸೊಪ್ಪು ಕ್ಯಾಡ್ಮಿಯಂ ಅನ್ನು ಚೆನ್ನಾಗಿ ಹೀರುತ್ತದೆ. ಭತ್ತದ ಗದ್ದೆಯಲ್ಲಿ ನೀರು ನಿಂತಿರುವಷ್ಟು ದಿನ ಅದು ಸಲ್ಫೈಡಾಗಿ ಕಟ್ಟಿಕೊಂಡಿರುತ್ತದೆ. ಕಾಳು ಕಟ್ಟುವ ಹೊತ್ತಿಗೆ ನೀರು ಬಸಿದು ಗದ್ದೆ ಬಿರುಕುಬಿಟ್ಟರೆ ಬಿಡುಗಡೆಯಾಗಿ ಅಕ್ಕಿಗೆ ಏರುತ್ತದೆ.

ಗಣಪತಿ ಬಿಡುವುದರಿಂದ ಅಷ್ಟೊಂದು ಹಾನಿ ಆಗುತ್ತದಾ?

ಬಣ್ಣದ ಸೀಸ, ಕ್ರೋಮಿಯಂ ಎಲ್ಲರಿಗೂ ಗೊತ್ತು. ಯಾರೂ ಹೇಳದಿರುವುದು ಪ್ಲಾಸ್ಟರ್ ಆಫ್ ಪ್ಯಾರಿಸ್‌ನದೇ ಕಥೆ. ಅದು ಕ್ಯಾಲ್ಸಿಯಂ ಸಲ್ಫೇಟ್. ಸಿಹಿನೀರಿನ ಕೆರೆಯಲ್ಲಿ ಸಲ್ಫೇಟ್ ಕಡಿಮೆ. ಅದನ್ನು ಕೊಟ್ಟರೆ ತಳದ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ, ಪಾದರಸ ಇದ್ದರೆ ಮೀಥೈಲ್ ರೂಪಕ್ಕೂ ದಾರಿ ಮಾಡಿಕೊಡುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮೇನಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಪಿಒಪಿ ಮೂರ್ತಿ ಬೇಡ ಎನ್ನುತ್ತದೆ. ಮಣ್ಣಿನ ಗಣಪನಿಗೆ ಎನಾಮಲ್ ಬಣ್ಣ ಬಳಿದರೆ ಅರ್ಧ ಪ್ರಯೋಜನವೂ ಇಲ್ಲ.

ಇಂಥ ಕೆರೆಯ ಮೀನು ತಿನ್ನಬಹುದೇ? ಮಾರುಕಟ್ಟೆಗೆ ಬರುವ ಕಡಲ ಮೀನು?

ಯಾವ ಮೀನು ಅನ್ನುವುದರ ಮೇಲೆ. ಕಾಟ್ಲಾ ಮೇಲಿನ ನೀರಿನಲ್ಲಿ ತೇಲುಜೀವಿ ತಿನ್ನುತ್ತದೆ. ಮೃಗಾಲ್, ಸಾಮಾನ್ಯ ಗೆಂಡೆ ಕೆಸರು ಕೆದಕಿ ತಿನ್ನುತ್ತವೆ, ತಳವನ್ನು ಕಲಕುತ್ತವೆ ಕೂಡ. ಅನುಮಾನದ ಕೆರೆಗೆ ಗೆಂಡೆ ಮರಿ ಬಿಡದಿರುವುದು ಲೇಸು. ಸೀಸ, ಕ್ಯಾಡ್ಮಿಯಂ ಹೆಚ್ಚಾಗಿ ಕಿವಿರು, ಯಕೃತ್ತು, ಮೂತ್ರಪಿಂಡ, ಮೂಳೆಗಳಲ್ಲಿ ಕೂರುತ್ತವೆ. ತಲೆ, ಕರುಳು ತೆಗೆದು ಎಸೆದರೆ ಬಹುಪಾಲು ಹೋಗುತ್ತದೆ, ತಲೆಸಾರು ಪ್ರಿಯರು ಕ್ಷಮಿಸಬೇಕು. ಮೀಥೈಲ್ ಪಾದರಸ ಹಾಗಲ್ಲ, ಮಾಂಸದಲ್ಲೇ ಇರುತ್ತದೆ, ತೊಳೆದರೂ ಬೇಯಿಸಿದರೂ ಹೋಗದು.

ಮೀನಿನ ವರದಿ ಓದುವಾಗ ತೂಕ ನೋಡಿ. ಸೀಸಕ್ಕೆ ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನ ಮಿತಿ ಕೆ.ಜಿ.ಗೆ 0.3 ಮಿ.ಗ್ರಾಂ, ಅದು ಹಸಿತೂಕಕ್ಕೆ. ಮೀನಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರು. ಒಣತೂಕದ 1.2 ಎಂದರೆ ಹಸಿತೂಕದಲ್ಲಿ 0.3ರ ಆಸುಪಾಸು. ಇದನ್ನು ಮರೆತು ಹೋಲಿಸಿದರೆ ಮಿತಿಯ ನಾಲ್ಕು ಪಟ್ಟು ಎಂಬ ಸುದ್ದಿ ಹುಟ್ಟುತ್ತದೆ.

ಮಂಗಳೂರಿನ ಐಸ್ ಲಾರಿಯಲ್ಲಿ ಬರುವ ಬೂತಾಯಿ, ಬಂಗುಡೆ ತೇಲುಜೀವಿ ತಿನ್ನುವ ಸಣ್ಣ ಮೀನುಗಳು, ಪಾದರಸ ಕಡಿಮೆ. ಶಾರ್ಕ್, ದೊಡ್ಡ ಅಂಜಲ್‌ನಂಥ ಬೇಟೆ ಮೀನುಗಳಲ್ಲಿ ಹೆಚ್ಚು. ಗರ್ಭಿಣಿಯರು ಶಾರ್ಕ್ ಬಿಡಬೇಕು, ದೊಡ್ಡ ಬೇಟೆ ಮೀನು ಕಡಿಮೆ ಮಾಡಬೇಕು. ಮರುವಾಯಿಯನ್ನು ಒಂದೆರಡು ದಿನ ಶುದ್ಧ ಉಪ್ಪುನೀರಿನಲ್ಲಿಟ್ಟರೆ ಮರಳು ಹೋಗುತ್ತದೆ, ಬ್ಯಾಕ್ಟೀರಿಯಾ ಕಡಿಮೆಯಾಗುತ್ತದೆ. ಲೋಹ ಹೋಗುವುದಿಲ್ಲ.

ಅಂತರಗಂಗೆ ಬೆಳೆಸಿದರೆ ಲೋಹ ಹೀರಿಕೊಳ್ಳುತ್ತದಂತೆ?

ನೀರಿನಲ್ಲಿ ಕರಗಿದ್ದನ್ನು ಹೀರುತ್ತದೆ. ಬೇರು ತಳಕ್ಕೆ ತಾಗುವುದಿಲ್ಲವಾದ್ದರಿಂದ ಕೆಸರಿನದನ್ನು ಅಲ್ಲ. ಕೀಳದೆ ಬಿಟ್ಟರೆ ಕೊಳೆತು ಮತ್ತೆ ತಳಕ್ಕೇ. ಕಿತ್ತು ಏರಿ ಮೇಲೆ ಹಾಕುವುದೂ ಅಷ್ಟೆ.

ಕೊಳಕು ನಿಲ್ಲಿಸಿದ ಮೇಲೆ ಕೆರೆ ಸರಿಹೋಗಲು ಎಷ್ಟು ಕಾಲ?

ಮೊದಲ ನಿರಾಸೆ ಪಾಚಿಯದು. ಕಬ್ಬಿಣಕ್ಕೆ ಅಂಟಿದ್ದ ರಂಜಕವನ್ನು ಆಮ್ಲಜನಕವಿಲ್ಲದ ಕೆಸರು ವರ್ಷಗಳ ಕಾಲ ನೀರಿಗೆ ಬಿಡುತ್ತಲೇ ಇರುತ್ತದೆ, ಚರಂಡಿ ತಿರುಗಿಸಿದರೂ ಕೆರೆ ಹಸಿರಾಗಿಯೇ ಇರುತ್ತದೆ. ಲೋಹದ ವಿಚಾರದಲ್ಲಿ ವರ್ಷಕ್ಕೆ ಒಂದು ಸೆಂ.ಮೀ. ಹೊಸ ಮಣ್ಣು ಕೂತರೆ ಹುಳುಗಳು ಓಡಾಡುವ 10 ಸೆಂ.ಮೀ. ಮುಚ್ಚಲು ಹತ್ತು ವರ್ಷ. ಎರಡು ಮೂರು ವರ್ಷಕ್ಕೊಮ್ಮೆ ಪೈಪು ಇಳಿಸಿ ಮೇಲಿನ ಪದರ ನೋಡುತ್ತಿರಿ.

ಜೀವಿಗಳು ಮರಳುವುದು ಒಂದು ಕ್ರಮದಲ್ಲಿ. ಹಾರಿ ಬರುವ ಕೀಟಗಳ ಮರಿಹುಳುಗಳು ಮೊದಲು, ಆಮೇಲೆ ಬಸವನಹುಳು, ಕೊನೆಗೆ ಕಪ್ಪೆಚಿಪ್ಪು. ಕಪ್ಪೆಚಿಪ್ಪಿನ ಮರಿಗಳು ಮೊದಲ ಕೆಲವು ವಾರ ಮೀನಿನ ಕಿವಿರಿಗೆ ಅಂಟಿಕೊಂಡೇ ಬೆಳೆಯಬೇಕು, ಆದ್ದರಿಂದ ತಕ್ಕ ಮೀನೂ ಇರಬೇಕು, ಅವು ಉದುರಿ ಬೀಳುವ ತಳವೂ ಉಸಿರಾಡುತ್ತಿರಬೇಕು. ಜರಡಿಯಲ್ಲಿ ಎರಡು ಸೆಂ.ಮೀ.ಗಿಂತ ಚಿಕ್ಕ ಜೀವಂತ ಚಿಪ್ಪು ಸಿಕ್ಕರೆ ಆ ಜಾಗವನ್ನು ಗುರುತು ಹಾಕಿಕೊಂಡು ಹೂಳೆತ್ತುವವರಿಗೆ ತಿಳಿಸಿ. ಖಾಲಿ ಚಿಪ್ಪನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಹತ್ತಾರು ವರ್ಷ ಹಳೆಯದೂ ಇರಬಹುದು.